ಅಪ್ಪನ ಟ್ಯಾಬ್‌ಗೆ ಮೂರು ತಿಂಗಳು

ಭಾನುವಾರ, 2 ಫೆಬ್ರವರಿ 2025, ಶಿವಮೊಗ್ಗ

ದೀಪಾವಳಿಗೆ ಅಪ್ಪನಿಗೆ ಕೊಡಿಸಿದ ಟ್ಯಾಬ್‌ಗೆ ಮೂರು ತಿಂಗಳು ತುಂಬಿತು. ಹತ್ತು ಇಂಚಿನದು, ಒಂಬತ್ತು ಸಾವಿರದ ಒಳಗೆ ಸಿಕ್ಕಿತು. ಆ ಕಂಪನಿಯ ಹೆಸರನ್ನು ನಾನು ಅದಕ್ಕೆ ಮುಂಚೆ ಕೇಳಿಯೇ ಇರಲಿಲ್ಲ. ಇಲ್ಲೂ ಬರೆಯುವುದಿಲ್ಲ. ಈ ಬೆಲೆಯ ಟ್ಯಾಬ್ ನೋಡುತ್ತಿರುವವರಿಗೆ ನಮ್ಮ ಅನುಭವ ಗೊತ್ತಾಗಲಿ ಅಂತ ಅಷ್ಟೇ ಬರೆಯುತ್ತಿದ್ದೇನೆ.

ತಂದದ್ದು ಓದುವುದಕ್ಕೆ. ಇಂಟರ್ನೆಟ್ ಆರ್ಕೈವ್ ಅನ್ನುವ ಪುಕ್ಕಟೆ ವೆಬ್‌ಸೈಟ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸಾವಿರಗಟ್ಟಲೆ ಇವೆ. ಫೋನಿನಲ್ಲಿ ಅವನ್ನು ಓದುವುದು ಕಷ್ಟ. ಪುಟ ಅಂದರೆ ಒಂದು ಚಿತ್ರ, ಅಕ್ಷರ ದೊಡ್ಡದು ಮಾಡಿದರೆ ಸಾಲಿನ ತುದಿ ಪರದೆಯಿಂದ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಆ ಕಡೆ ಈ ಕಡೆ ಎಳೆಯಬೇಕು. ಟ್ಯಾಬ್‌ನಲ್ಲಿ ಇಡೀ ಸಾಲು ಕಣ್ಣಿಗೆ ಸಿಗುತ್ತದೆ. ನನಗೆ ಇದೊಂದೇ ಸಾಕು ಅನ್ನಿಸಿತ್ತು.

ತೊಂದರೆ ಕಂಡದ್ದು ಒತ್ತಕ್ಷರದಲ್ಲಿ. ಪರದೆ 1280 × 800 ಚುಕ್ಕೆಯದು (ಪಿಕ್ಸೆಲ್), ಇಂಚಿಗೆ ಸುಮಾರು 150 ಚುಕ್ಕೆ ಮಾತ್ರ. ‘ರಾಷ್ಟ್ರ’ ಅನ್ನುವ ಪದ ನೋಡಿ. ಷ ಕೆಳಗೆ ಟ ಒತ್ತು, ಅದಕ್ಕೆ ಅಂಟಿಕೊಂಡು ರ ಒತ್ತು. ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಅವೆರಡೂ ಸೇರಿ ಒಂದು ಕಪ್ಪು ಮಚ್ಚೆ ಆಗುತ್ತವೆ. ದಾರಿ ಕಂಡುಕೊಂಡದ್ದು ಅಪ್ಪನೇ. "ನೋಡೇ ಇಲ್ಲಿ, ಅಡ್ಡ ಹಿಡಿದರೆ ಕಾಣ್ಸುತ್ತೆ" ಅಂದರು. ನಿಜ. ಆಗ ಒಂದು ಸಾಲಿಗೆ 800ರ ಬದಲು 1280 ಚುಕ್ಕೆ ಸಿಗುತ್ತದೆ. ಅರ್ಧ ಪುಟ ಓದಿ ಮೇಲೆ ಸರಿಸಿಕೊಳ್ಳಬೇಕು, ಅಷ್ಟೇ. ಸ್ವಲ್ಪ ಜಾಸ್ತಿ ಕೊಟ್ಟು 1920 × 1200 ಪರದೆಯದು ತಂದಿದ್ದರೆ ಚೆನ್ನಾಗಿತ್ತು. ಕನ್ನಡ ಓದುವವರು ಮೊದಲು ನೋಡಬೇಕಾದದ್ದು ಇದನ್ನೇ.

ಡಬ್ಬದ ಮೇಲೆ 12 ಜಿಬಿ ರ‍್ಯಾಮ್ ಅಂತ ದಪ್ಪಕ್ಷರದಲ್ಲಿದೆ. ನಿಜವಾಗಿ ಇರುವುದು 4. ಉಳಿದ 8 ಸ್ಟೋರೇಜಿನಿಂದ ಎರವಲು ತಂದದ್ದು, ಅದಕ್ಕೆ ರ‍್ಯಾಮ್‌ನ ವೇಗ ಬರುವುದಿಲ್ಲ. ಹೀಗೆ ಬರೆಯುವುದು ಮೋಸವೇ ಅಂತ ನನ್ನ ಅಭಿಪ್ರಾಯ. ಪುಸ್ತಕ ಓದಲು 4 ಸಾಕು, ಆದರೆ ಅದನ್ನು ನೇರವಾಗಿ ಹೇಳಬಹುದಿತ್ತಲ್ವಾ?

ಅಮ್ಮ ಸಿನಿಮಾ ಹಾಕಿದರೆ ಮಸುಕು. ಇದಕ್ಕೆ ವೈಡ್‌ವೈನ್ ಎಲ್1 ಇಲ್ಲ, ಬರೀ ಎಲ್3. ವೈಡ್‌ವೈನ್ ಅಂದರೆ ಸಿನಿಮಾ ನಕಲು ಮಾಡದಂತೆ ಹಾಕುವ ಬೀಗ, ಎಲ್1 ಅದರ ಗಟ್ಟಿ ಮಟ್ಟ, ಎಲ್3 ತೀರಾ ಕೆಳಗಿನದು. ಹಾಗಾಗಿ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ, ಎಷ್ಟು ದುಡ್ಡಿನ ಪ್ಲ್ಯಾನ್ ಇದ್ದರೂ. ಯೂಟ್ಯೂಬ್ ಚೆನ್ನಾಗಿ ಬರುತ್ತದೆ. ಹೆಡ್‌ಫೋನ್ ತೂತು, ಮೆಮೊರಿ ಕಾರ್ಡ್ ಜಾಗ ಎರಡೂ ಇವೆ. ದೊಡ್ಡ ಕಂಪನಿಗಳ ಕೆಲವು ದುಬಾರಿ ಟ್ಯಾಬ್‌ಗಳಲ್ಲಿ ಇವು ಸಿಗುವುದಿಲ್ಲ. ಚಾರ್ಜ್ ಮಾತ್ರ ನಿಧಾನ. 6000 ಎಂಎಎಚ್ ಬ್ಯಾಟರಿಗೆ 10 ವ್ಯಾಟ್ ಚಾರ್ಜರ್, ತುಂಬಲು ನಾಲ್ಕು ಗಂಟೆ ಹತ್ತಿರ ಬೇಕು.

ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ್ದು ಬೇರೆ. ಇದರಲ್ಲಿರುವುದು ಆಂಡ್ರಾಯ್ಡ್ 13. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಅಪ್‌ಡೇಟ್ ತಾರೀಕು 2023ರದ್ದು, ತಂದಾಗಲೂ ಅದೇ, ಇವತ್ತಿಗೂ ಅದೇ. ಅಂದರೆ ಆಮೇಲೆ ಕಂಡುಬಂದ ಭದ್ರತೆಯ ತೂತುಗಳು ಇದರಲ್ಲಿ ಮುಚ್ಚಿಲ್ಲ. ಮೊನ್ನೆ ಅಪ್ಪ ಪಿಂಚಣಿ ನೋಡಲು ಬ್ಯಾಂಕಿನ ಆ್ಯಪ್ ಹಾಕಿಕೊಡು ಅಂದರು. ಇದರಲ್ಲಿ ಬೇಡ ಅಪ್ಪ, ಫೋನಿನಲ್ಲೇ ಇರಲಿ ಅಂದೆ. ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಹಾಕಲಿಲ್ಲ.

ಸಂಜೆ ಪರದೆಗೆ ರಕ್ಷಣೆಯ ಹಾಳೆ ಹಾಕಿಸಲು ಅಂಗಡಿಗೆ ಹೋಗಿದ್ದೆವು. ಅಂಗಡಿಯ ಹುಡುಗ ಹಾಳೆ ಕತ್ತರಿಸುವ ಮೆಷಿನ್‌ನ ಮಾಡೆಲ್ ಪಟ್ಟಿಯಲ್ಲಿ ಎರಡು ಸಲ ಹುಡುಕಿದ. ಈ ಮಾಡೆಲ್ ಇರಲಿಲ್ಲ. ಕೊನೆಗೆ ಬೇರೊಂದು ಹತ್ತು ಇಂಚಿನದರ ಅಳತೆಯ ಹಾಳೆ ಅಂಟಿಸಿದ. ಸುತ್ತ ಒಂದು ಎಳೆಯಷ್ಟು ಜಾಗ ಬಿಟ್ಟಿದೆ, ಕ್ಯಾಮೆರಾ ಅರ್ಧ ಮುಚ್ಚಿದೆ.

"ಇರಲಿ ಬಿಡು, ಅಕ್ಷರ ಬಿದ್ದಿರೋ ಕಡೆ ಸರಿಯಾಗಿದೆಯಲ್ಲ" ಅಂದರು ಅಪ್ಪ. ಈಗ ಜಗುಲಿಯಲ್ಲಿ ಟ್ಯಾಬ್ ಅಡ್ಡ ಹಿಡಿದು ಓದುತ್ತಾ ಕೂತಿದ್ದಾರೆ.