ಸುಲ್ಲಿವನ್ ಎಂಬ ಹೆಸರು ನಡೆದ ದಾರಿ

ಐರಿಷ್ ಮನೆತನದ ಹೆಸರುಗಳಲ್ಲಿ ನನ್ನನ್ನು ಬಹುಕಾಲ ಹಿಡಿದಿಟ್ಟದ್ದು ಓ'ಸುಲ್ಲಿವನ್. ಐರಿಷ್ ಭಾಷೆಯಲ್ಲಿ 'ಓ' ಎಂದರೆ ಮೊಮ್ಮಗ ಅಥವಾ ವಂಶಜ, 'ಸೂಲ್' ಎಂದರೆ ಕಣ್ಣು. ಹೆಸರಿನ ಉಳಿದ ಭಾಗವನ್ನು ಕೆಲವರು 'ಕಪ್ಪು' ಎಂದೂ ಕೆಲವರು 'ಒಂದೇ' ಎಂದೂ ಬಿಡಿಸುತ್ತಾರೆ. ಕಪ್ಪುಗಣ್ಣಿನವನ ಸಂತತಿ ಎಂಬ ಅರ್ಥವೇ ನನ್ನ ಮನಸ್ಸಿಗೆ ಒಪ್ಪುತ್ತದೆ.

ಈ ಕುಲದವರು ಮೊದಲು ಐರ್ಲೆಂಡಿನ ಟಿಪ್ಪರರಿ ಸೀಮೆಯ ನಾಕ್‌ಗ್ರಾಫನ್ ಸುತ್ತಲಿನ ಫಲವತ್ತಾದ ಬಯಲಿನಲ್ಲಿದ್ದು, ನಾರ್ಮನ್ನರು ಬಂದ ಬಳಿಕ ನೈಋತ್ಯದ ಕೆರ್ರಿ ಮತ್ತು ಕಾರ್ಕ್‌ನ ಕಲ್ಲುನೆಲಕ್ಕೆ ಸರಿದರು.

1602ರಲ್ಲಿ ಇಂಗ್ಲಿಷ್ ಸೇನೆ, ನೈಋತ್ಯದ ಬೇರಾ ಪರ್ಯಾಯದ್ವೀಪದಲ್ಲಿ ನೆಲೆಸಿದ್ದ ಈ ಕುಲದ ಶಾಖೆಯ ಡನ್‌ಬಾಯ್ ಕೋಟೆಯನ್ನು ಕೆಡವಿತು. ಅದೇ ವರ್ಷದ ಕೊನೆಯ ದಿನ ಆ ಶಾಖೆಯ ಒಡೆಯ ಡೋನಲ್ ಕಾಮ್, ಹೆಂಗಸರು ಮಕ್ಕಳೂ ಸೇರಿ ಸುಮಾರು 1000 ಜನರೊಡನೆ ಉತ್ತರದ ಲೀಟ್ರಿಮ್‌ನತ್ತ ಹೊರಟ. ಶಾನನ್ ನದಿಯನ್ನು ದಾಟಲು ದೋಣಿಯಿಲ್ಲದೆ, ತಮ್ಮ ಕುದುರೆಗಳನ್ನೇ ಕೊಂದು, ಬಳ್ಳಿಕಡ್ಡಿಗಳ ಚೌಕಟ್ಟಿನ ಮೇಲೆ ಅವುಗಳ ಚರ್ಮವನ್ನು ಬಿಗಿದು ಅವರು ತೆಪ್ಪ ಕಟ್ಟಿಕೊಂಡರು. ಹಸಿದವರು ಆ ಮಾಂಸವನ್ನೇ ತಿಂದರು. ಗುರಿ ಮುಟ್ಟಿದವರು ಕೇವಲ 35 ಮಂದಿ. ಆ ಕುದುರೆಚರ್ಮದ ತೆಪ್ಪವನ್ನು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಮುಂದೆ ಸ್ಪೇನ್‌ನಲ್ಲಿ ಆಶ್ರಯ ಪಡೆದ ಡೋನಲ್ 1618ರಲ್ಲಿ ಮ್ಯಾಡ್ರಿಡ್‌ನಲ್ಲಿ ಹತನಾದ.

ಇಂಗ್ಲಿಷ್ ಆಳ್ವಿಕೆಯಲ್ಲಿ ಅನೇಕರ ಹೆಸರಿನಿಂದ 'ಓ' ಕಳಚಿಬಿತ್ತು. 19ನೆಯ ಶತಮಾನದಲ್ಲಿ ಬೇರಾದ ಅಲಿಹೀಸ್ ತಾಮ್ರದ ಗಣಿಗಳು ಸೊರಗಿದಾಗ, ಅಲ್ಲಿಯ ಕೆಲಸಗಾರರು ಅಮೆರಿಕದ ಮಾಂಟಾನಾ ಪ್ರಾಂತ್ಯದ ಬ್ಯೂಟ್ ನಗರದ ಗಣಿಗಳಿಗೆ ಇಳಿದರು. ಬೇರಾದಲ್ಲಿ ಸುಲ್ಲಿವನ್ನರು ಎಷ್ಟು ತುಂಬಿದ್ದಾರೆಂದರೆ, ಒಂದು ಮನೆಯವರನ್ನು ಇನ್ನೊಂದು ಮನೆಯವರಿಂದ ಬೇರೆಯಾಗಿ ಗುರುತಿಸಲು ಊರಿನವರು ಅಡ್ಡಹೆಸರುಗಳನ್ನು ಬಳಸುತ್ತಾರೆ.