ಬೊಲೆರೊ ಕೆಲಸ: ಎಣ್ಣೆಯ ವಿಚಾರ

ಸಂಕ್ರಾಂತಿ ಕಳೆದ ವಾರ

ಬ್ರೇಕ್ ಕೆಲಸ ಆಯಿತು, ಕ್ಲಚ್ ಕೆಲಸ ಆಯಿತು. ಅಪ್ಪ ಓಡಿಸುತ್ತಿದ್ದ ಬೊಲೆರೊ ಈಗ ಹುಬ್ಬಳ್ಳಿ ನವನಗರದ ಮನೆ ಮುಂದೆ ನಿಂತಿದೆ. 2523 ಸಿಸಿ ಟರ್ಬೊ ಡೀಸೆಲ್, ಬಿಎಸ್-3 ಹೊಗೆ ನಿಯಮದ ಕಾಲದ್ದು. ಇಷ್ಟು ವರ್ಷ ಅಣ್ಣಿಗೇರಿ ಕಡೆ ಹೊಲದ ದಾರಿಯಲ್ಲೇ ಓಡಿದ ಗಾಡಿ. ಸ್ಟಾರ್ಟ್ ಚೆನ್ನಾಗಿ ಆಗುತ್ತದೆ, ಹೊಗೆ ಜಾಸ್ತಿ ಇಲ್ಲ. ಆದರೆ ಒಳಗಿರುವ ಇಂಜಿನ್ ಎಣ್ಣೆ ಯಾವುದು, ಯಾವಾಗ ಹಾಕಿಸಿದ್ದು ಅನ್ನುವುದಕ್ಕೆ ಒಂದು ಚೀಟಿಯೂ ಸಿಗಲಿಲ್ಲ. ಹಾಗಾಗಿ ಈ ಸಲ ಅದೇ ಕೆಲಸ.

ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ತೆಗೆದರೆ ಕಪ್ಪು ಎಣ್ಣೆ. ಪಕ್ಕದ ಮನೆಯವರು ನೋಡಿ "ಎಣ್ಣಿ ಪೂರಾ ಸುಟ್ಟೈತಲ್ರಿ" ಅಂದರು. ಡೀಸೆಲ್ ಇಂಜಿನ್‌ನಲ್ಲಿ ಕಪ್ಪು ಬಣ್ಣ ನೋಡಿ ಏನೂ ಹೇಳಲು ಬರುವುದಿಲ್ಲ. ಇಂದು ಹಾಕಿದ ಎಣ್ಣೆಯೂ ಸ್ವಲ್ಪ ಓಡಿಸಿದರೆ ಕಪ್ಪಾಗುತ್ತದೆ. ಮಸಿ ಒಂದೆಡೆ ಗಟ್ಟಿಯಾಗಿ ಕೂರದಂತೆ ತೇಲಿಸಿ ಇಡುವುದು ಅದರ ಕೆಲಸವೇ. ನಾನು ನೋಡಿದ್ದು ಬೇರೆ. ಬೆರಳಲ್ಲಿ ತಿಕ್ಕಿದರೆ ಕಣ ಸಿಗುತ್ತದೆಯೇ? ಕೂಲಂಟ್ ಸೇರಿ ಹಾಲಿನ ಬಣ್ಣಕ್ಕೆ ತಿರುಗಿದೆಯೇ? ಡೀಸೆಲ್ ವಾಸನೆ ಬರುತ್ತದೆಯೇ? ಮೂರೂ ಇರಲಿಲ್ಲ. ಅಂದರೆ ಇಂಜಿನ್ ಬಿಚ್ಚುವ ಮಾತು ಸದ್ಯಕ್ಕೆ ಇಲ್ಲ.

ಅದೇ ವಾರ, ಗೋಕುಲ ರೋಡಿನಲ್ಲಿ

ಗ್ಯಾರೇಜಿನ ಮಿಸ್ತ್ರಿ ಕಾಕಾ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಹಳೇ ಇಂಜಿನ್ ಐತಿ ತಮ್ಮಾ, 20ಡಬ್ಲ್ಯೂ-50 ಹಾಕು. ದಪ್ಪ ಎಣ್ಣಿ ಇದ್ರ ಗಟ್ಟಿ ನಿಲ್ತೈತಿ."

ಈ ಮಾತು ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ ಇದೆ. ಪೂರಾ ಸುಳ್ಳಲ್ಲ. ಸವೆದು ಹೋಗಿ, ಎಣ್ಣೆ ಕುಡಿಯುವ, ಪ್ರೆಷರ್ ಬೀಳುವ ಇಂಜಿನ್‌ಗೆ ದಪ್ಪ ಎಣ್ಣೆ ಕೆಲ ದಿನ ಆಸರೆ ಆಗಬಹುದು. ನಮ್ಮದು ಎಣ್ಣೆ ಕುಡಿಯುತ್ತಿಲ್ಲ. ಹಾಗಿರುವಾಗ ಯಾಕೆ ಬೇಕು? ಇಂಜಿನ್‌ಗೆ ಗಾಳಿ ತುರುಕುವ ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಅದು ನಿಂತಿರುವುದೇ ತೆಳುವಾದ ಎಣ್ಣೆಯ ಪದರದ ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಣ್ಣೆ ಆರಿದ ಬೆಲ್ಲದ ಪಾಕದ ಹಾಗೆ ನಿಧಾನ ಹರಿದರೆ, ಆ ಪದರ ಬರುವವರೆಗೆ ಬೇರಿಂಗ್ ಒಣಗಿ ತಿರುಗಬೇಕು.

ಡಬ್ಬಿ ಮೇಲಿನ ಅಂಕಿಗಳ ಬಗ್ಗೆ ಒಂದೆರಡು ಮಾತು. 15ಡಬ್ಲ್ಯೂ-40 ಅಂತ ಇದ್ದರೆ, ಡಬ್ಲ್ಯೂಗೆ ಮೊದಲಿನ 15 ಚಳಿಯ ಲೆಕ್ಕ. ಅದರ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯೂ ಆದರೆ ಮೈನಸ್ 30ರಲ್ಲಿ. ಧಾರವಾಡದ ಡಿಸೆಂಬರ್ ಚಳಿ ಅದರ ಹತ್ತಿರಕ್ಕೂ ಹೋಗುವುದಿಲ್ಲ ಬಿಡಿ. ಮುಂದಿನ 40 ಎಂದರೆ 100 ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ಗಾಡಿಯ ಪುಸ್ತಕ 15ಡಬ್ಲ್ಯೂ-40 ಅನ್ನುತ್ತದೆ. ನಮ್ಮ ಹವೆಗೆ ಅದು ಸರಿಯಾಗಿ ಕೂರುತ್ತದೆ. ಅಲ್ಲಿಗೆ ಆ ಚರ್ಚೆ ಮುಗಿಸಿದೆ. ಕಾಕಾ ಒಪ್ಪಲಿಲ್ಲ, ಚಹಾ ಮಾತ್ರ ಕುಡಿಸಿದರು.

ಅಂಗಡಿಯಲ್ಲಿ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ದಪ್ಪದ ಬಗ್ಗೆ ಅಲ್ಲ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆಯ ಬಗ್ಗೆ. ಎಸ್ ಇಂದ ಶುರುವಾದರೆ ಪೆಟ್ರೋಲ್, ಸಿ ಇಂದ ಶುರುವಾದರೆ ಡೀಸೆಲ್. ಅಂಗಡಿಯವರು ಮೊದಲು ಕೊಟ್ಟ ಡಬ್ಬಿಯ ಮೇಲೆ "ಎಸ್‌ಎನ್/ಸಿಎಫ್" ಇತ್ತು. "ಎರಡಕ್ಕೂ ನಡಿತೈತ್ರಿ" ಅಂದರು. ಸಿಎಫ್ ಅನ್ನುವುದು 1994ರ ದರ್ಜೆ, ಈಗ ಚಾಲ್ತಿಯಲ್ಲೇ ಇಲ್ಲ. ಅಂದರೆ ಅದು ಡೀಸೆಲ್ ಹೆಸರು ಹೊತ್ತ ಪೆಟ್ರೋಲ್ ಎಣ್ಣೆ. ಸಿಂಥೆಟಿಕ್, ಬೆಲೆಯೂ ಜಾಸ್ತಿ, ಡಬ್ಬಿ ಹೊಳೆಯುತ್ತಿತ್ತು. ವಾಪಸ್ ಇಟ್ಟೆ.

ಕೊನೆಗೆ ಉಳಿದದ್ದು ಎರಡು: ಸಿಐ-4 ಪ್ಲಸ್ ಮತ್ತು ಸಿಕೆ-4. ಸಿಐ-4 ಬಂದದ್ದು 2002ರಲ್ಲಿ. ಮಸಿ ಜಾಸ್ತಿ ಇರುವ, ಗಂಧಕ ಜಾಸ್ತಿ ಇರುವ ಡೀಸೆಲ್‌ನ ಕಾಲದಲ್ಲಿ ಮಾಡಿದ್ದು. ಗಂಧಕ ಉರಿದು ಆಮ್ಲವಾದರೆ ಅದನ್ನು ತಣಿಸುವ ಕ್ಷಾರ ಎಣ್ಣೆಯಲ್ಲಿ ಇರಬೇಕು. ಈಗ ಬಂಕಿನಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಮಾತ್ರ. ಬಿಎಸ್-3 ಕಾಲದಲ್ಲಿ 350 ಇತ್ತು. ಹಾಗಾಗಿ ಆ ಚಿಂತೆ ಈಗ ಕಡಿಮೆ. ಸಿಕೆ-4 ಹೊಸದು, ಹಳೇ ಇಂಜಿನ್‌ಗೂ ಹಾಕಬಹುದು. ಆದರೆ ಅದರ ಮುಖ್ಯ ಲಾಭ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜಾಲರಿ) ಇರುವ ಗಾಡಿಗಳಿಗೆ. ನಮ್ಮದರಲ್ಲಿ ಅದು ಇಲ್ಲ. ಸಿಐ-4 ಪ್ಲಸ್, 15ಡಬ್ಲ್ಯೂ-40, ಮಿನರಲ್ (ಸಿಂಥೆಟಿಕ್ ಅಲ್ಲದ್ದು) ತೆಗೆದುಕೊಂಡೆ. ಸರ್ವೋ ಆಗಲಿ, ಕ್ಯಾಸ್ಟ್ರಾಲ್ ಆಗಲಿ, ಗಲ್ಫ್ ಆಗಲಿ, ದರ್ಜೆ ಒಂದೇ ಇದ್ದರೆ ಬ್ರ್ಯಾಂಡ್ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಸೀಲ್ ಗಟ್ಟಿ ಇದೆಯೇ, ಬಿಲ್ ಕೊಡುತ್ತಾರೆಯೇ, ಅಷ್ಟು ನೋಡಿದೆ.

ಭಾನುವಾರ, ಎಣ್ಣೆ ಇಳಿಸಿದ್ದು

ಇಂಜಿನ್ ಬಿಸಿ ಮಾಡಿ, ಡ್ರೇನ್ ಬೋಲ್ಟ್‌ಗೆ ಪಾನಾ ಹಾಕಿ, ಪೂರ್ತಿ ಸೋರಲು ಬಿಟ್ಟೆ. ಹೊಸ ವಾಷರ್, ಹೊಸ ಫಿಲ್ಟರ್. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಸುರಿದು, ಸ್ಟಾರ್ಟ್ ಮಾಡಿ, ಎಣ್ಣೆ ಲೈಟ್ ಆರುವವರೆಗೆ ಆಕ್ಸಿಲರೇಟರ್ ಮುಟ್ಟಲಿಲ್ಲ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಅಳೆದು, ಮೇಲಿನ ಗೆರೆಯ ಒಳಗೇ ನಿಲ್ಲಿಸಿದೆ. ಜಾಸ್ತಿ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗ್ ಕಾಯುವುದಿಲ್ಲ.

ಇಳಿಸಿದ ಎಣ್ಣೆಗೆ ಬೇಡಿಕೆ ಬಂತು. ಗೆದ್ದಲಿಗೆ, ಗೇಟಿಗೆ ಹಚ್ಚಲು ಇಬ್ಬರು ಕೇಳಿದರು. ಕೊಡಲಿಲ್ಲ. ಮಣ್ಣಿಗೆ ಹೋದದ್ದು ಮಣ್ಣಲ್ಲೇ ಉಳಿಯುತ್ತದೆ. ಕ್ಯಾನಿಗೆ ತುಂಬಿ ಗ್ಯಾರೇಜಿನ ಬ್ಯಾರಲ್‌ಗೆ ಹಾಕಿ ಬಂದೆ. ಅದು ಮರುಬಳಕೆಯವರಿಗೆ ಹೋಗುತ್ತದೆ.

ಅಷ್ಟರಲ್ಲಿ ನಮ್ಮ ಭಾವ ಬಂದರು. ಅವರದು ಡಿಪಿಎಫ್ ಇರುವ ಬಿಎಸ್-6 ಡೀಸೆಲ್ ಗಾಡಿ. "ಉಳದದ್ದು ಎಣ್ಣಿ ನನ್ನ ಗಾಡಿಗಿ ಹಾಕೋಣೇನೋ?" ಅಂದರು. ಬೇಡವೇ ಬೇಡ ಅಂದೆ. ಡಿಪಿಎಫ್‌ನಲ್ಲಿ ಕೂತ ಮಸಿ ಬಿಸಿಗೆ ಸುಟ್ಟು ಹೋಗುತ್ತದೆ. ಆದರೆ ಎಣ್ಣೆಯ ಕ್ಯಾಲ್ಸಿಯಂ, ಸತು ಉಳಿಸುವ ಬೂದಿ ಸುಡುವುದಿಲ್ಲ, ಕೂತು ಕೂತು ಜಾಲರಿಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಅಂಥ ಗಾಡಿಗೆ ಕಡಿಮೆ ಬೂದಿಯ ಎಣ್ಣೆ. ಸಿಕೆ-4ರಲ್ಲಿ ಬೂದಿ ಶೇಕಡಾ 1ಕ್ಕಿಂತ ಜಾಸ್ತಿ ಇರುವಂತಿಲ್ಲ, ಯುರೋಪಿನ ಗಾಡಿ ತಯಾರಕರ ಸಂಘದ (ಎಸಿಇಎ) ಸಿ3 ದರ್ಜೆಯಲ್ಲಿ ಶೇಕಡಾ 0.8. ಅವರ ಪುಸ್ತಕ ತೆಗೆಸಿ ನೋಡಿದೆ: 5ಡಬ್ಲ್ಯೂ-30, ಸಿ3. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಮೇಲಿನ ಗೆರೆ ದಾಟಿತ್ತು. ಯಾರೂ ತುಂಬಿಸಿಲ್ಲವಂತೆ. ವಿದ್ಯಾನಗರದಿಂದ ಕೇಶ್ವಾಪುರ, ಊರೊಳಗೆ ಅಷ್ಟೇ ಓಡಾಟ. ಡಿಪಿಎಫ್ ಮಸಿ ಸುಡಲು ಗಾಡಿ ಜಾಸ್ತಿ ಡೀಸೆಲ್ ಹಾಯಿಸುತ್ತದೆ. ಸುಡುವಿಕೆ ಮುಗಿಯುವ ಮೊದಲೇ ಪದೇ ಪದೇ ಆಫ್ ಮಾಡಿದರೆ, ಸಿಲಿಂಡರ್ ಗೋಡೆಗೆ ಅಂಟಿದ ಡೀಸೆಲ್ ಕೆಳಗೆ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಬದಲಿಸಿ, ಆಮೇಲೆ ವಾರಕ್ಕೊಮ್ಮೆ ಗದಗ ರೋಡಿನಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಅಂದೆ. "ನಿಮ್ಮ ಅಕ್ಕಗ ಹೇಳು, ಗಾಡಿಗಿ ಔಷಧ ಅಂತ" ಅಂದು ನಕ್ಕರು.

ಬೊಲೆರೊ ಮಟ್ಟಿಗೆ, ಹೊಸ ಎಣ್ಣೆ ಹಾಕಿದ್ದಕ್ಕೆ ಶಬ್ದ ಕಡಿಮೆ ಆಯಿತು ಅಂತ ಹೇಳಲಾರೆ. ಸೋರಿಕೆ ಇಲ್ಲ, ಮಟ್ಟ ಇಳಿದಿಲ್ಲ. ಮುಂದಿನ ಕೆಲಸ ಏರ್ ಫಿಲ್ಟರ್ ಡಬ್ಬ. ಅದರ ರಬ್ಬರ್ ಸೀಲ್ ಬಿರಿದಿದೆ. ಎರೆ ಹೊಲದ ದೂಳು ಆ ಸಂದಿಯಿಂದ ಒಳಗೆ ಹೋದರೆ ಯಾವ ದರ್ಜೆಯ ಎಣ್ಣೆಯೂ ಸಿಲಿಂಡರ್ ಉಳಿಸುವುದಿಲ್ಲ. ಸೀಲ್ ಆರ್ಡರ್ ಕೊಟ್ಟಿದ್ದೇನೆ.