ಗಾಡಿ ಮಿಸ್ಸಿಂಗ್ ಹೊಡೀತಿದೆ, ಪ್ಲಗ್ ಹೋಗಿರಬಹುದಾ?

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಈ ಫೋನ್ ಶುರುವಾಗುತ್ತದೆ. "ಎಂತ ಮಾರಾಯ್ರೆ, ಗಾಡಿ ಮಿಸ್ಸಿಂಗ್ ಹೊಡೀತಾ ಉಂಟು. ಪ್ಲಗ್ ಚೇಂಜ್ ಮಾಡ್ಲಾ?" ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ಕುಂಟುವುದು; ಪ್ಲಗ್ ಅಂದರೆ ಅಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್. ನಾನು ಮೆಕ್ಯಾನಿಕ್ ಅಲ್ಲ. ಉಡುಪಿಯಲ್ಲಿ 1998ರ ಕಾರ್ಬೊರೇಟರ್ ಮಾರುತಿ 800 ಒಂದನ್ನು ಇನ್ನೂ ಓಡಿಸುತ್ತಿರುವವನು, ಅಷ್ಟೇ. ನನ್ನ ಉತ್ತರ ಪ್ರತಿಸಲವೂ ಒಂದೇ: ಬೇಕಾದರೆ ಬದಲಾಯಿಸಿ, ಆದರೆ ಬಿಚ್ಚಿದ ಪ್ಲಗ್ ಎಸೆಯುವ ಮೊದಲು ನೋಡಿ.

ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡೇ. ಒಂದು ಜುಲೈಯಲ್ಲಿ ನನ್ನ ಗಾಡಿ ಕಲ್ಸಂಕದಿಂದ ಇಂದ್ರಾಳಿವರೆಗೆ ಚೆನ್ನಾಗಿಯೇ ಬರುತ್ತಿತ್ತು. ಮಣಿಪಾಲದ ಏರು ಸಿಕ್ಕಿದ ಕೂಡಲೇ ಕುಂಟುತ್ತಿತ್ತು. ಇರುವುದೇ ಮೂರು ಸಿಲಿಂಡರ್, 796 ಸಿಸಿ. ಅದರಲ್ಲಿ ಒಂದು ಮುಷ್ಕರ ಹೂಡಿದರೆ ಸ್ಟೀರಿಂಗ್ ಸಮೇತ ನಡುಗುತ್ತದೆ. ಹಿಂದಿನಿಂದ ಬಸ್ಸಿನವನ ಹಾರ್ನ್ ಬೇರೆ. ಗ್ಯಾರೇಜಿನಲ್ಲಿ ಮೂರೂ ಪ್ಲಗ್ ಹೊಸತು ಹಾಕಿದರು. ಸರಿಯಾಯಿತು. ಮೂರು ವಾರಕ್ಕೆ ಮತ್ತದೇ ಕತೆ.

ಏರಿನಲ್ಲೇ ಯಾಕೆ? ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿಯಾಗುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ತುದಿಯ ಸಂದಿಯಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಒಳಗೆ ಹಾರುವುದು ಕಷ್ಟವಾದರೆ ಕರೆಂಟು ಹೊರಗೆಲ್ಲಿ ಬಿರುಕು, ತೇವ ಇದೆಯೋ ಅಲ್ಲಿಂದ ನುಸುಳಿ ಎಂಜಿನ್ ಬಾಡಿಗೆ ಇಳಿದುಬಿಡುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಬರವೇ ಇಲ್ಲವಲ್ಲ. ಗಾಡಿ ಮನೆ ಮುಂದೆ ನಿಂತು ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ.

ಒಂದು ರಾತ್ರಿ ಮಳೆ ಬಿಟ್ಟ ಮೇಲೆ ಅಂಗಳದ ದೀಪ ಆರಿಸಿ ಬಾನೆಟ್ ಎತ್ತಿದೆ. ತಮ್ಮ ಒಳಗೆ ಕೂತು ಆಕ್ಸಿಲರೇಟರ್ ಒತ್ತಿದ. ಎರಡನೇ ಪ್ಲಗ್ಗಿನ ಮೇಲೆ ಕೂರುವ, ವಯರಿನ ತುದಿಯ ರಬ್ಬರ್ ಟೊಪ್ಪಿಯ ಬುಡದಲ್ಲಿ ಸಣ್ಣ ನೀಲಿ ಎಳೆ, ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಕುಣಿಯುತ್ತಿತ್ತು. (ನೋಡಿದರೆ ಸಾಕು, ಮುಟ್ಟಲು ಹೋಗಬೇಡಿ. ಸಾವಿರಾರು ವೋಲ್ಟ್ ಅದು.) ಬೆಳಿಗ್ಗೆ ಆ ಪ್ಲಗ್ ಬಿಚ್ಚಿದೆ. ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ, ಮಕ್ಕಳು ಪೆನ್ಸಿಲಿನಲ್ಲಿ ಗೀಚಿದ ಹಾಗೆ, ಒಂದು ಕಪ್ಪು ಗೆರೆ. ಟೊಪ್ಪಿಯೊಳಗೆ ಟಾರ್ಚ್ ಬಿಟ್ಟರೆ ಅಲ್ಲೂ ಅದರ ಜೋಡಿ ಗೆರೆ. ಕಿಡಿ ಸುಟ್ಟು ಮಾಡಿಕೊಂಡ ಇಂಗಾಲದ ದಾರಿ ಅದು. ಹಳೇ ವಯರಿನ ಟೊಪ್ಪಿ ಹಾಗೇ ಉಳಿದಿತ್ತಲ್ಲ, ಹೊಸ ಪ್ಲಗ್ಗಿಗೂ ಅದೇ ರೋಗ ಹಚ್ಚಿತ್ತು. ಪ್ಲಗ್ ಜೊತೆ ವಯರ್ ಸೆಟ್ಟನ್ನೂ ಬದಲಾಯಿಸಿದೆ. ಆಮೇಲೆ ಮಣಿಪಾಲದ ಏರಿನಲ್ಲಿ ಹಾರ್ನ್ ಕೇಳಿಲ್ಲ. ಸರಿ, ಮಿಸ್ಸಿಂಗ್ ವಿಷಯಕ್ಕೆ ಕೇಳಿಲ್ಲ.

ಇನ್ನು ತುದಿಯ ಬಣ್ಣ. ತಿಳಿ ಕಂದು ಇದ್ದರೆ ಆ ಸಿಲಿಂಡರ್ ಆರಾಮ. ಒಣ ಮಸಿ, ಒಲೆಯ ಮೇಲಿನ ಪಾತ್ರೆಯ ತಳದ ಹಾಗೆ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್ ನೋಡಿ, ಗಾಳಿ ತಡೆಯುವ ಚೋಕ್ ಪೂರ್ತಿ ಬಿಡುತ್ತಿದೆಯಾ ನೋಡಿ. ಒದ್ದೆ ಇದ್ದು ಬರೀ ಪೆಟ್ರೋಲ್ ವಾಸನೆ ಬಂದರೆ ಅಲ್ಲಿ ಬಹುಶಃ ಕಿಡಿಯೇ ಹಾರುತ್ತಿಲ್ಲ. ಜಿಡ್ಡು ಜಿಡ್ಡಾದ ಕಪ್ಪು ಮಾತ್ರ ಬೇಜಾರಿನ ಸುದ್ದಿ: ಪಿಸ್ಟನ್ ರಿಂಗಿನಿಂದಲೋ ವಾಲ್ವ್ ಸೀಲಿನಿಂದಲೋ ಆಯಿಲ್ ಬರುತ್ತಿದೆ. ಅಲ್ಲಿ ಹೊಸ ಪ್ಲಗ್ ಹಾಕುವುದೆಂದರೆ ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟ ಹಾಗೆ. ಬೆಳ್ಳಗೆ ಸುಣ್ಣದ ಹಾಗಿದ್ದು ಗುಳ್ಳೆ ಎದ್ದಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ಅತಿಯಾಗಿ ಬಿಸಿಯಾಗಿದೆ. ಕಿಡಿ ಹಾರುವ ಟೈಮಿಂಗ್ ತಪ್ಪಿರಬಹುದು, ಪೆಟ್ರೋಲ್ ಸಾಲದಿರಬಹುದು, ಇಲ್ಲವೇ ಯಾರೋ ಬೇರೆ ನಂಬರಿನ ಪ್ಲಗ್ ಹಾಕಿರಬಹುದು.

ತಪ್ಪು ಪ್ಲಗ್ಗಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ದುಡ್ಡು ಬೇಡ. ಅನುಮಾನದ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಅಲ್ಲಿನದ್ದನ್ನು ಇಲ್ಲಿಗೆ. ಮಿಸ್ಸಿಂಗ್ ಪ್ಲಗ್ಗಿನ ಹಿಂದೆಯೇ ಹೋದರೆ ಪ್ಲಗ್ಗೇ ಕಳ್ಳ. ಅಲ್ಲೇ ಉಳಿದರೆ ವಯರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗದ ಮುಚ್ಚಳ), ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಹೀಗೆ ಹುಡುಕುತ್ತಾ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಒಂದೊಂದೇ ವಯರ್ ಕಿತ್ತು ನೋಡುವುದು ಹಳಬರ ಕ್ರಮ. ನನಗೆ ಒಮ್ಮೆ ಮೊಣಕೈವರೆಗೆ ಹೊಡೆದಿದೆ, ಹಾಗಾಗಿ ಹೇಳಿಕೊಡುವುದಿಲ್ಲ. ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಇರುವ ಗಾಡಿಗಂತೂ ಬೇಡವೇ ಬೇಡ. ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಅದನ್ನೇ ಸುಡುತ್ತದೆ.

ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಎಳೆದಾಡಿದರೆ ಥ್ರೆಡ್ ಹೋಗುತ್ತದೆ. ಸುತ್ತಲಿನ ಧೂಳು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಸೀದಾ ಒಳಗೆ ಬೀಳುತ್ತದೆ. ಪ್ಲಗ್ ಪಾನೆಯನ್ನು ವಾರೆ ಹಿಡಿಯಬೇಡಿ. ಪಿಂಗಾಣಿಗೆ ಕೂದಲೆಳೆಯಷ್ಟು ಬಿರುಕು ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಮುಂದಿನ ಮಳೆಗೆ ಗೊತ್ತಾಗುತ್ತದೆ. ನೆಲಕ್ಕೆ ಬಿದ್ದ ಪ್ಲಗ್ಗನ್ನು ನಾನು ಹಾಕುವುದೇ ಇಲ್ಲ. ತುದಿಯ ಸಂದಿ, ಅಂದರೆ ಗ್ಯಾಪ್, ಎಷ್ಟೆಂದು ಗಾಡಿಯ ಪುಸ್ತಕ ನೋಡಿ ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಹೊಸತನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ವಾಷರ್ ಇರುವ ಪ್ಲಗ್ಗಾದರೆ ಆಮೇಲೆ ಪಾನೆಯಲ್ಲಿ ಅರ್ಧ ಸುತ್ತು, ಸ್ವಲ್ಪ ಹೆಚ್ಚೆಂದರೆ ಮುಕ್ಕಾಲಿನ ಒಳಗೆ.

ಇನ್ನೊಂದು. ಪಿಂಗಾಣಿ ಲೋಹಕ್ಕೆ ಸೇರುವ ಜಾಗದಲ್ಲಿ ಸುತ್ತಲೂ ಕಂದು ಕಲೆ ಇರುವ ಫೋಟೋ ಕಳಿಸಿ "ಎಂಜಿನ್ನಿಂದ ಗ್ಯಾಸ್ ಲೀಕ್ ಅಲ್ವಾ?" ಅಂತ ಕೇಳುವವರು ತುಂಬಾ ಜನ. ಅಲ್ಲ. ಹೈ ವೋಲ್ಟೇಜಿಗೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಲ್ಲಿ ಅಂಟಿ ಆದ ಬಣ್ಣ ಅದು. ಅದರಿಂದ ಏನೂ ತೊಂದರೆಯಿಲ್ಲ. ಸುತ್ತಲೂ ಉಂಗುರದ ಹಾಗಿದ್ದರೆ ಬಿಡಿ, ಉದ್ದಕ್ಕೆ ಗೆರೆಯಿದ್ದರೆ ಮಾತ್ರ ನನಗೆ ಫೋನ್ ಮಾಡಿ. ಮಾಡುವಾಗ ಮೂರರಲ್ಲಿ ಯಾವುದು ಎಷ್ಟನೇ ಸಿಲಿಂಡರಿನದ್ದು ಎಂದು ಬರೆದಿಟ್ಟುಕೊಂಡಿರಿ, ನಾನು ಮೊದಲು ಕೇಳುವುದೇ ಅದನ್ನು.